ಅಗಸೆ ಎಣ್ಣೆಯ ರಾಯರು

ಅಮೆರಿಕದಲ್ಲಿ ನೆಲೆಸಿದ ನಮ್ಮವರಿಗೆ ಐವತ್ತು ದಾಟಿ, ಮನೆಸಾಲ ಹಗುರಾಗಿ, ಮಕ್ಕಳು ಕಾಲೇಜಿಗೆಂದು ಊರು ಬಿಟ್ಟ ಮೇಲೆ ಏನಾದರೊಂದು ಹವ್ಯಾಸ ಅಂಟಿಕೊಳ್ಳುತ್ತದೆ. ಕೆಲವರು ಹಿತ್ತಲಲ್ಲಿ ಬದನೆ ಹಾಕುತ್ತಾರೆ. ಕೆಲವರು ದೂರದರ್ಶಕ ತಂದು, ಶನಿಯ ಬಳೆ ತೋರಿಸುತ್ತೇನೆಂದು ಊಟಕ್ಕೆ ಬಂದವರನ್ನು ಚಳಿಯಲ್ಲಿ ನಿಲ್ಲಿಸುತ್ತಾರೆ. ಟೆಕ್ಸಸ್ಸಿನ ನಮ್ಮ ರಾಯರಿಗೆ ಅಂಟಿಕೊಂಡದ್ದು ಬಂದೂಕು. ಗಾಬರಿ ಬೇಡ. ರಾಯರು ಸೊಳ್ಳೆ ಹೊಡೆದರೂ ‘ಶಿವ ಶಿವ’ ಅನ್ನುವವರು. ಅವರ ಕಣ್ಣಿರುವುದು ಬಂದೂಕಿಗೆ ತೊಡಿಸಿದ ಮರದ ಮೇಲೆ ಮಾತ್ರ.

ಬಂದೂಕೂ ಅಂಥಿಂಥದ್ದಲ್ಲ, ಲೀ-ಎನ್‌ಫೀಲ್ಡ್ ತ್ರೀ ನಾಟ್ ತ್ರೀ. ಬ್ರಿಟಿಷರು ಕಲ್ಕತ್ತೆಯ ಬಳಿ ಇಶಾಪುರದಲ್ಲಿ 1904ರಲ್ಲಿ ಸ್ಥಾಪಿಸಿದ ರೈಫಲ್ ಕಾರ್ಖಾನೆಯ ಕೂಸು. ಮೈಮೇಲೆ ಕಿರೀಟ, ಅದರಡಿ ಜಾರ್ಜ್ ದೊರೆಯ ‘ಜಿಆರ್‌ಐ’ ಮುದ್ರೆ, 1942ರ ಇಸವಿ. ಊರಲ್ಲಿದ್ದಾಗ ಖಜಾನೆ ಕಾಯುವ ಪೇದೆಯ ಹೆಗಲಲ್ಲಿ ಅದನ್ನು ದೂರದಿಂದ ಕಂಡಿದ್ದಷ್ಟೇ ರಾಯರ ಭಾಗ್ಯ. ಈ ಕ್ಯಾಲಿಬರ್ ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ನಿಷಿದ್ಧ. ಹೂಗ್ಲಿ ನದಿಯ ದಂಡೆಯಲ್ಲಿ ಹುಟ್ಟಿದ್ದನ್ನು ಸ್ವಂತ ಮಾಡಿಕೊಳ್ಳಲು ಅವರು ಟೆಕ್ಸಸ್ಸಿಗೇ ಹೋಗಬೇಕಾಯಿತು.

ಬಂದೂಕು ಮನೆಗೆ ಬಂದಾಗ ಮರವೆಲ್ಲ ಕಪ್ಪು ಜಿಡ್ಡು. ಉಗ್ರಾಣದಲ್ಲಿ ತುಕ್ಕು ಹಿಡಿಯದಿರಲೆಂದು ಬಳಿದ ಗ್ರೀಸು ವರ್ಷಾನುಗಟ್ಟಲೆ ಮರದೊಳಕ್ಕೆ ಇಳಿದಿರುತ್ತದೆ. ಅದನ್ನು ಹೊರಡಿಸುವ ಬಗೆಗಳಲ್ಲಿ ಟೆಕ್ಸಸ್ಸಿಗೆ ಹೇಳಿ ಮಾಡಿಸಿದ್ದು ಒಂದಿದೆ: ಮರವನ್ನು ಹಳೆ ಬಟ್ಟೆಯಲ್ಲಿ ಸುತ್ತಿ, ಕಪ್ಪು ಕಸದ ಚೀಲಕ್ಕೆ ತುಂಬಿ, ಕಿಟಕಿ ಮುಚ್ಚಿದ ಕಾರಿನೊಳಗೆ ಬಿಸಿಲಿಗಿಡುವುದು. ಬಿಸಿಗೆ ಗ್ರೀಸು ಬೆವರಿ ಹೊರಬರುತ್ತದೆ. ಬಂತು ಕೂಡ. ಮರುದಿನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ರೇಷ್ಮೆ ಸೀರೆಯುಟ್ಟು ಅದೇ ಸೀಟಿನಲ್ಲಿ ಕೂತವರು ಅವರ ಮನೆಯವರು.

ಮಿಕ್ಕ ಜಿಡ್ಡಿಗೆ ಇನ್ನೊಂದು ಬಗೆ, ಪಾತ್ರೆ ತೊಳೆಯುವ ಯಂತ್ರ. ಅದರಲ್ಲಿ ಬಂದೂಕಿನ ಮರವಿಟ್ಟು ತೊಳೆಯುವ ಗಂಡಸರು ಅಮೆರಿಕದಲ್ಲಿ ನಿಜವಾಗಿಯೂ ಇದ್ದಾರೆ. ಹೆಂಡತಿ ಮನೆಯಲ್ಲಿಲ್ಲದ ದಿನ ನೋಡಿಕೊಂಡು ಮಾಡಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ರಾಯರ ಮನೆಯವರು ಧಾರವಾಡದ ಕಡೆಯವರು. ಅಂದು ಹೊತ್ತಿಗೆ ಮುಂಚೆ ಬಂದುಬಿಟ್ಟರು. ಯಂತ್ರದ ಬಾಗಿಲು ತೆಗೆದು ನೋಡಿ, "ಏನ್ರೀ ಇದು, ಇವತ್ತ ಊಟಕ್ಕ ಕಟಗಿ ಏನು?" ಅಂದರು.

ಅಸಲು ಕೆಲಸ ಶುರುವಾಗುವುದು ಜಿಡ್ಡು ಹೋದ ಮೇಲೆ. ಈ ಬಂದೂಕಿನ ಮರ ಒಂದೇ ತುಂಡಲ್ಲ: ಭುಜಕ್ಕೊತ್ತುವ ಬಟ್ ಬೇರೆ, ನಳಿಗೆಯಡಿಯ ಮುಂಭಾಗ ಬೇರೆ, ಕೈ ಸುಡದಂತೆ ಮೇಲಿಂದ ಮುಚ್ಚುವ ಹೊದಿಕೆ ಬೇರೆ. ಬಟ್ಟನ್ನು ಹಿಡಿದಿರುವುದು ಅದರ ಹೊಟ್ಟೆಯೊಳಗೆ ಹಾದ ಉದ್ದನೆಯ ಬೋಲ್ಟು. ಆ ಬೋಲ್ಟಿನ ಚೌಕ ತುದಿ ಮುಂಭಾಗದ ಮರದ ಒಳಗಿರುವ ತಗಡಿಗೆ ಸಿಕ್ಕಿಕೊಂಡಿರುತ್ತದೆ. ಮುಂಭಾಗವನ್ನು ಮೊದಲು ಬಿಚ್ಚದೆ ಬೋಲ್ಟು ತಿರುವಿದಿರೋ, ಮರ ಚಟ್ಟೆಂದು ಸೀಳುತ್ತದೆ. ಊಟಕ್ಕೆ ಕರೆಸಿಕೊಂಡ ಯಾರಿಗೂ ರಾಯರು ಇದನ್ನು ವಿವರಿಸದೆ ಬಿಟ್ಟಿಲ್ಲ. ಬಿಸಿಬೇಳೆಬಾತು ಆರುತ್ತಿರುತ್ತದೆ, ಅತಿಥಿ ಕೈತೊಳೆದುಕೊಂಡು ಗ್ಯಾರೇಜಿನಲ್ಲಿ ನಿಂತಿರುತ್ತಾನೆ.

ಮರದ ಮೇಲಿನ ತಗ್ಗುಗಳದ್ದು ಇನ್ನೊಂದು ಕಥೆ. ಒದ್ದೆ ಬಟ್ಟೆ ಹಾಸಿ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಒತ್ತಿದರೆ ಹಬೆ ಒಳಹೊಕ್ಕು, ಅದುಮಿದ ಎಳೆಗಳು ಉಬ್ಬಿ ತಗ್ಗು ಮೇಲೇಳುತ್ತದೆ. ಯಾವ ಸಿಪಾಯಿ ಯಾವ ಲಾರಿಯಿಂದ ಹಾರುವಾಗ ಬಿದ್ದ ಪೆಟ್ಟೋ, ರಾಯರು ಅದಕ್ಕೆ ಹಬೆ ಕೊಟ್ಟು ಗುಣಪಡಿಸುತ್ತಾರೆ. ಇದೇ ರಾಯರು ಮುಂದಿನ ವಾಕ್ಯದಲ್ಲಿ, "ಎಂಥ ಚರಿತ್ರೆ ನೋಡಿ ಇದರ ಮೈಮೇಲೆ!" ಎಂದು ಉದ್ಗರಿಸುತ್ತಾರೆ. ಚರಿತ್ರೆಯನ್ನು ಇಸ್ತ್ರಿ ಮಾಡಿ ಮುಗಿಸಿದ್ದು ಅವರ ಗಮನಕ್ಕೇ ಬಂದಿರುವುದಿಲ್ಲ.

ಆಮೇಲೆ ಎಣ್ಣೆ. ನೀವಂದುಕೊಂಡ ಎಣ್ಣೆ ಅಲ್ಲ, ಅಗಸೆ ಎಣ್ಣೆ. ಬ್ರಿಟಿಷ್ ಪಲ್ಟಣಗಳಲ್ಲಿ ಮರಕ್ಕೆ ಹಾಕುತ್ತಿದ್ದುದೇ ಅದು. ಅಂಗಡಿಯಲ್ಲಿ ‘ಕುದಿಸಿದ್ದು’ ಎಂದು ಮಾರುವ ಡಬ್ಬಿಯೊಳಗೆ ಸಾಮಾನ್ಯವಾಗಿ ಕುದಿಸಿದ್ದೇನೂ ಇರುವುದಿಲ್ಲ, ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ. ಹನಿಯಷ್ಟು ಹಾಕಿ ಅಂಗೈ ಬಿಸಿಯೇರುವವರೆಗೆ ತಿಕ್ಕಬೇಕು. ವಾರವಿಡೀ ದಿನಕ್ಕೊಮ್ಮೆ, ತಿಂಗಳವರೆಗೆ ವಾರಕ್ಕೊಮ್ಮೆ, ವರ್ಷವಿಡೀ ತಿಂಗಳಿಗೊಮ್ಮೆ, ಆಮೇಲೆ ಬದುಕಿರುವಷ್ಟು ಕಾಲ ವರ್ಷಕ್ಕೊಮ್ಮೆ. ಇದು ಹಳಬರು ಹೇಳುವ ಲೆಕ್ಕ. ಉದ್ಯಾಪನೆಯೇ ಇಲ್ಲದ ವ್ರತ. ಧಾರವಾಡದಲ್ಲಿ ಹುಟ್ಟಿದವರಿಗೆ ಇದು ಸಹಿಸುವಂಥದ್ದಲ್ಲ. "ಅಗಸಿ ಹಿಂಡಿ ಮಾಡಿ ರೊಟ್ಟಿಗೆ ಹಚ್ಕೊಂಡು ತಿನ್ನೋ ಮಂದಿ ರೀ ನಾವು. ನೀವು ಅದನ್ನ ಕಟಗಿಗೆ ಕುಡಸಾಕತ್ತೀರಿ" ಎಂಬ ಮಾತು ಅಡುಗೆಮನೆಯಿಂದ ಆಗಾಗ ತೇಲಿ ಬರುತ್ತದೆ.

ರಾಯರಿಗೆ ನಿಜವಾದ ಭಯ ಮನೆಯವರದ್ದಲ್ಲ, ಮಡಿವಂತ ಸಂಗ್ರಾಹಕರದ್ದು. ಹಳೆಯದು ಹಳೆಯದಾಗಿಯೇ ಇರಬೇಕೆಂಬುದು ಅವರ ಮತ. ಮರಳುಕಾಗದ ಮುಟ್ಟಿಸಿದರೆ ಮುಗಿಯಿತು: ಕಾರ್ಖಾನೆಯ ಮುದ್ರೆ ಅಳಿಸುತ್ತದೆ, ಮರ ಸವೆದು ಕಬ್ಬಿಣಕ್ಕಿಂತ ತಗ್ಗುತ್ತದೆ, ಬೆಲೆ ಬೀಳುತ್ತದೆ. ಮರ ಸೀಳದಿರಲೆಂದು ಇಶಾಪುರದವರು ಮುಂಭಾಗಕ್ಕೆ ಅಡ್ಡಲಾಗಿ ಹಾಕಿದ ತಿರುಪನ್ನು ಕೂಡ ಅವರು ಭಕ್ತಿಯಿಂದ ಮುಟ್ಟಿ ನೋಡುತ್ತಾರೆ. ಅಂಥವರೊಬ್ಬರು ಬರುವ ಹಿಂದಿನ ದಿನ ರಾಯರ ಮನೆಯವರು, ಪಾಪ, ಒಳ್ಳೆಯ ಮನಸ್ಸಿನಿಂದಲೇ, ಬಟ್ಟಿನ ಹಿತ್ತಾಳೆ ತಟ್ಟೆಯನ್ನು ಹುಣಸೆಹಣ್ಣು ಹಾಕಿ ಲಕಲಕ ಬೆಳಗಿಬಿಟ್ಟಿದ್ದರು. ಬಂದವರು ನೋಡಿ ಮಾತಾಡಲಿಲ್ಲ. ಕಾಫಿಯನ್ನೂ ಕುಡಿಯದೆ ಹೋದರು.

ಆ ತಟ್ಟೆಯಲ್ಲೊಂದು ಪುಟ್ಟ ಮುಚ್ಚಳವಿದೆ. ತೆರೆದರೆ ಒಳಗೆ ಗೂಡು. ಸಿಪಾಯಿ ಅಲ್ಲಿ ಎಣ್ಣೆಯ ಸೀಸೆ ಮತ್ತು ನಳಿಗೆ ಶುಚಿ ಮಾಡುವ ಹುರಿ ಇಟ್ಟುಕೊಳ್ಳುತ್ತಿದ್ದ. ರಾಯರು ಅಲ್ಲಿ ಎಣ್ಣೆ, ಉಕ್ಕಿನ ನಾರು, ಕುಂಚಗಳ ರಸೀದಿಗಳನ್ನು ಸುರುಳಿ ಸುತ್ತಿ ಬಚ್ಚಿಟ್ಟಿದ್ದಾರೆ. ಕೂಡಿಸಿದರೆ ಬಂದೂಕಿನ ಬೆಲೆಯನ್ನು ಮೀರುತ್ತವೆ.

ಆಯುಧಪೂಜೆಯ ದಿನ ನೋಡಬೇಕು ಅವರ ಸಂಭ್ರಮ. ಚೆಂಡುಹೂವಿನ ಹಾರ, ಊದುಬತ್ತಿ, ಕುಂಬಳಕಾಯಿ ಎಲ್ಲ ಉಂಟು. ಆದರೆ ಕುಂಕುಮ ಮರಕ್ಕೆ ಕಲೆ ಮಾಡೀತೆಂದು ಮೊದಲು ಮಾಸ್ಕಿಂಗ್ ಟೇಪು ಅಂಟಿಸಿ ಅದರ ಮೇಲೆ ಬೊಟ್ಟಿಡುತ್ತಾರೆ. ‘ಇದರಲ್ಲಿ ಗುಂಡು ಹಾರಿಸಿದ್ದೀರಾ?’ ಎಂದು ಮಾತ್ರ ಕೇಳಬಾರದು. ಹಾರಿಸಿದರೆ ಮರ ಅದುರುವುದಿಲ್ಲವೇ?

ಇಂಥ ರಾಯರು ನಿಮ್ಮ ಬಳಗದಲ್ಲೂ ಇದ್ದರೆ ಹೊಗಳಿ, ಕಾಫಿ ಕುಡಿದು ಬನ್ನಿ. ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಗ್ಯಾರೇಜಿನ ಮೂಲೆಗೆ ಎಸೆಯಬಾರದು. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಕೂಡಿಕೊಂಡ ಶಾಖಕ್ಕೆ ಬಟ್ಟೆ ಕಡ್ಡಿ ಗೀರದೆಯೇ ಹೊತ್ತಿಕೊಳ್ಳುತ್ತದೆ. ಬಯಲಲ್ಲಿ ಒಂದೊಂದಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರಿರುವ ಡಬ್ಬಿಯಲ್ಲಿ ಮುಳುಗಿಸಿಡಬೇಕು.