ನಾಲ್ಕು ನಿಮಿಷದ ಅಡುಗೆ, ಬುಧವಾರ ಮಾತ್ರ

ಸೀಗಡಿಯಷ್ಟು ಬೇಗ ಬೇಯುವ ಪದಾರ್ಥ ಇನ್ನೊಂದಿಲ್ಲ ಎನ್ನುವುದು ನನ್ನ ಹೆಂಡತಿಯ ವಾದ. ಅವಳು ಕುಂದಾಪುರದವಳು, ಸಮುದ್ರಕ್ಕೆ ಸಂಬಂಧಪಟ್ಟ ವ್ಯಾಜ್ಯಗಳಲ್ಲಿ ಅವಳ ತೀರ್ಪಿಗೆ ನಮ್ಮ ಮನೆಯಲ್ಲಿ ಮೇಲ್ಮನವಿ ಇಲ್ಲ. ಕಾವಲಿ ಕಾದ ಮೇಲೆ ಈ ಮಗ್ಗುಲಿಗೆ ಎರಡು ನಿಮಿಷ, ಆ ಮಗ್ಗುಲಿಗೆ ಎರಡು ನಿಮಿಷ, ಮುಗಿಯಿತು. ತೊಗರಿಬೇಳೆ ಕೂಡ ಕುಕ್ಕರಿನಲ್ಲಿ ಮೂರು ಸಲ ಕೂಗಿಸದೆ ಮೆತ್ತಗಾಗುವುದಿಲ್ಲ. ನಾಟಿಕೋಳಿಯಂತೂ ಬೇಯಬೇಕೋ ಬೇಡವೋ ಎಂದು ಯೋಚಿಸುವುದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಅವುಗಳ ಮುಂದೆ ಸೀಗಡಿ ಎಷ್ಟು ವಿಧೇಯ! ಆದರೆ ಆ ನಾಲ್ಕು ನಿಮಿಷವನ್ನು ಗಿಟ್ಟಿಸಿಕೊಳ್ಳಲು ನಾವಿರುವ ಬೆಂಗಳೂರಿನ ಹೇರೋಹಳ್ಳಿಯಲ್ಲಿ ಏನೇನು ಮಾಡಬೇಕು ಎಂಬ ಪ್ರಶ್ನೆ ಬಂದರೆ ಮಾತ್ರ ಅವಳು ಗ್ಯಾಸ್ ಬುಕ್ ಮಾಡಿದ್ದೀರಾ ಎಂದು ಮಾತು ಬದಲಿಸುತ್ತಾಳೆ.

ಮೊದಲು ಪಂಚಾಂಗದ ಒಪ್ಪಿಗೆ ಬೇಕು. ಪಂಚಾಂಗ ಅಂದರೆ ನಮ್ಮ ಮನೆಯಲ್ಲಿ ಅಮ್ಮ. ಸೋಮವಾರ ಶಿವನದು, ಚರ್ಚೆಯೇ ಇಲ್ಲ. ಮಂಗಳವಾರ, ಶುಕ್ರವಾರ ಮಾರಮ್ಮನದು. ಮಾರಮ್ಮ ಸ್ವತಃ ಕೋಳಿ ಕುರಿ ಬೇಡವೆನ್ನುವವಳಲ್ಲ, ಹಬ್ಬದಲ್ಲಿ ಅವಳಿಗೆ ಒಪ್ಪಿಸಿಯೇ ನಾವು ಉಣ್ಣುವುದು. ಆದರೂ ಅವಳ ವಾರದಂದು ನಾವು ಮುಟ್ಟಬಾರದು. ಈ ಏರ್ಪಾಡಿನ ನ್ಯಾಯ ಏನೆಂದು ಅಮ್ಮನನ್ನು ಕೇಳುವ ಧೈರ್ಯ ನಮ್ಮ ವಂಶದಲ್ಲಿ ಯಾರಿಗೂ ಬಂದಿಲ್ಲ. ಗುರುವಾರ ಮೊದಲು ಖಾಲಿ ಇತ್ತು. ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ವರ್ಷ ಮಂತ್ರಾಲಯದ ರಾಯರಿಗೆ ಹರಕೆ ಹೊತ್ತು ಅಮ್ಮ ಅದನ್ನೂ ಬರೆಸಿಕೊಟ್ಟುಬಿಟ್ಟರು. ಮಗಳು ಪಾಸಾಗಿ, ಪಿಯುಸಿ ಮುಗಿಸಿ, ಈಗ ಕೆಂಗೇರಿಯ ಕಡೆ ಕಾಲೇಜಿಗೆ ಹೋಗುತ್ತಿದ್ದಾಳೆ. ಗುರುವಾರ ಮಾತ್ರ ವಾಪಸು ಬಂದಿಲ್ಲ. ಶನಿವಾರಕ್ಕೆ ಆಂಜನೇಯ, ತಿರುಪತಿ ತಿಮ್ಮಪ್ಪ, ಶನಿಮಹಾತ್ಮ ಮೂವರೂ ಪಾಲುದಾರರು. ಭಾನುವಾರ ಇದೆಯಲ್ಲ ಅನ್ನಬೇಡಿ. ಭಾನುವಾರ ಮಟನ್ನಿನದು. ಮಾಗಡಿ ರಸ್ತೆಯ ಮಟನ್ ಅಂಗಡಿಗಳ ಮುಂದೆ ಬೆಳಿಗ್ಗೆ ನಿಲ್ಲುವ ಸಾಲು ಬಿಟ್ಟು ಮೀನಿನಂಗಡಿಗೆ ನುಗ್ಗಿದರೆ ಅಮ್ಮ ಕೇಳುವುದು ಒಂದೇ ಮಾತು: “ಯಾಕಪ್ಪಾ, ಸಂಬಳ ಆಗ್ಲಿಲ್ವಾ?”

ಉಳಿದದ್ದು ಬುಧವಾರ. ಬುಧನಿಗೆ ಯಾರೂ ಹರಕೆ ಹೊತ್ತಂತಿಲ್ಲ, ಹೊರದಿರಲಿ. ಆದರೂ ಆ ದಿನ ಸಂಕಷ್ಟಿಯೋ ಏಕಾದಶಿಯೋ ಬಿದ್ದಿರಬಾರದು. ಶ್ರಾವಣ ಪೂರ್ತಿ ಇಲ್ಲ, ಕಾರ್ತಿಕದಲ್ಲಿ ಅನುಮಾನ. ಇದು ನೆಲದ ಲೆಕ್ಕವಾಯಿತು. ಸಮುದ್ರಕ್ಕೂ ತನ್ನದೇ ವ್ರತವಿದೆ. ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮೊಟ್ಟೆಯಿಡುವ ಕಾಲವೆಂದು, ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು 61 ದಿನ ದಡದಲ್ಲೇ ಕೂರಬೇಕು. ಹೆಚ್ಚಿನ ವರ್ಷಗಳಲ್ಲಿ ಅವರ ರಜೆ ಮುಗಿಯುವ ಹೊತ್ತಿಗೆ ಸರಿಯಾಗಿ ನಮ್ಮ ಶ್ರಾವಣ ಹಿಡಿದುಕೊಳ್ಳುತ್ತದೆ. ಸರ್ಕಾರವೂ ಅಮ್ಮನೂ ಮಾತಾಡಿಕೊಂಡೇ ಮಾಡಿದ್ದಾರೆ ಎಂದು ನನಗೆ ಬಲವಾದ ಗುಮಾನಿ.

ಇಷ್ಟೆಲ್ಲ ದಾಟಿ ಒಂದು ಶುದ್ಧ ಬುಧವಾರ ಸಿಕ್ಕಿತು ಅನ್ನಿ. ಇನ್ನು ಸೀಗಡಿ ಬರಬೇಕು. ಮಲ್ಪೆಯಲ್ಲಿ ಸಂಜೆ ಐಸಿನ ಪೆಟ್ಟಿಗೆ ಸೇರಿದ ಮೀನು ಶಿರಾಡಿ ಘಾಟಿ ಹತ್ತಿ, ಸಕಲೇಶಪುರ, ಹಾಸನ, ಕುಣಿಗಲ್, ನೆಲಮಂಗಲ ದಾಟಿ ಬೆಳಗಾಗುವಷ್ಟರಲ್ಲಿ ಬೆಂಗಳೂರಿನಲ್ಲಿರುತ್ತದೆ. ನಾನು ಆಫೀಸು ಬಿಟ್ಟು ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ ಮಾರ್ಗವಾಗಿ ಹೇರೋಹಳ್ಳಿಗೆ ಬರುವ ಪ್ರಯಾಣವನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಮೀನಿನದೇ ಸುಖ. ಅದಕ್ಕೆ ಐಸಾದರೂ ಇರುತ್ತದೆ. ಈ ರಸ್ತೆಯ ಮೇಲೆ ಹೊಸಹಳ್ಳಿಯಿಂದ ಕಡಬಗೆರೆಗೆ ಮೆಟ್ರೊ ಬರಲಿದೆ, 12.5 ಕಿಲೋಮೀಟರಿನ ಈ ಮಾರ್ಗವೂ ಸೇರಿದ ಮೂರನೇ ಹಂತಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಆ ರೈಲು ಹತ್ತಿ ಸೀಗಡಿ ತರುವ ಕಾಲಕ್ಕೆ ಅದನ್ನು ಅಗಿಯುವಷ್ಟು ಹಲ್ಲು ನನಗೆ ಉಳಿದಿದ್ದರೆ ಸಾಕು.

ಅಂಗಡಿಯಲ್ಲಿ ಸಿಗುವುದು ಎರಡು ಬಗೆ. ಒಂದು ಕಡಲಿನದು, ಸಣ್ಣದು, ಅಳತೆ ಒಂದೇ ಸಮ ಇರದದ್ದು, ನನ್ನ ಹೆಂಡತಿ ಚಟ್ಲಿ ಎಂದು ಮುದ್ದಿನಿಂದ ಕರೆಯುವಂಥದ್ದು. ಇನ್ನೊಂದು ವನ್ನಾಮಿ. ಇದು ನಮ್ಮ ಕಡಲಿನದೇ ಅಲ್ಲ. ಮೆಕ್ಸಿಕೋದಿಂದ ಪೆರುವಿನವರೆಗಿನ ಪೆಸಿಫಿಕ್ ತೀರದ ಈ ತಳಿಯನ್ನು ಸಾಕಲು ನಮ್ಮ ದೇಶದಲ್ಲಿ ಅನುಮತಿ ಸಿಕ್ಕಿದ್ದು 2009ರಲ್ಲಿ. ಈಗ ಆಂಧ್ರದ ಕರಾವಳಿಯ ಹೊಂಡಗಳ ತುಂಬ ಅದೇ. ಅದಕ್ಕೆ ಮುಂಗಾರಿನ ರಜೆಯಿಲ್ಲ, ಘಾಟಿ ಹತ್ತುವ ಕಷ್ಟವಿಲ್ಲ. ಎಲ್ಲವೂ ಒಂದೇ ಉದ್ದ, ಒಂದೇ ದಪ್ಪ, ಸಮವಸ್ತ್ರ ತೊಟ್ಟು ತಟ್ಟೆಯಲ್ಲಿ ಮಲಗಿರುತ್ತವೆ. ಹೆಂಡತಿ ಅದನ್ನು ಬೆರಳ ತುದಿಯಿಂದ ಒತ್ತಿ ನೋಡಿ, “ಇದೆಂತದು ಮಾರಾಯ್ರೆ, ಹೊಂಡದ್ದು!” ಎಂದು ಮುಖ ತಿರುಗಿಸುತ್ತಾಳೆ, ಆಮೇಲೆ ಅದನ್ನೇ ಒಂದು ಕೆ.ಜಿ. ತೂಕ ಹಾಕಿಸುತ್ತಾಳೆ. ಬೇರೆ ದಾರಿಯಿಲ್ಲ, ಕಡಲಿನದು ಬೆಳಿಗ್ಗೆಯೇ ಖಾಲಿಯಾಗಿರುತ್ತದೆ.

ದರದ ವಿಷಯದಲ್ಲಿ ಜಗತ್ತಿನ ರಾಜಕೀಯವೂ ನಮ್ಮ ಬೀದಿಗೆ ಬಂದುಹೋಗಿದೆ. ಭಾರತದ ಸೀಗಡಿಯ ಅತಿ ದೊಡ್ಡ ಗಿರಾಕಿ ಅಮೆರಿಕ. 2025ರ ಆಗಸ್ಟ್‌ನಲ್ಲಿ ಅಲ್ಲಿನವರು ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ದೇಶವೆಲ್ಲ ಚಿಂತೆಯಲ್ಲಿದ್ದರೆ ನಾನೊಬ್ಬ ಒಳಗೊಳಗೇ ಹಿಗ್ಗಿದೆ. ಹಡಗು ಹತ್ತದೆ ಉಳಿದ ಸೀಗಡಿಯೆಲ್ಲ ಹೇರೋಹಳ್ಳಿಗೇ ಬಂದು ಬೀಳಬೇಕು, ಸೇರಿಗಿಷ್ಟೆಂದು ಅಳೆದು ಕೊಡಬೇಕು ಎಂಬುದು ನನ್ನ ಅರ್ಥಶಾಸ್ತ್ರ. ಮುಂದಿನ ಬುಧವಾರ ಹೋದರೆ ಅಂಗಡಿಯವನು ಕೆ.ಜಿ.ಗೆ ಇಪ್ಪತ್ತು ರೂಪಾಯಿ ಜಾಸ್ತಿ ಮಾಡಿದ್ದ. “ಸುಂಕ ಏರಿದೆಯಂತಲ್ಲ ಸಾರ್, ನೀವು ಟೀವಿ ನೋಡಲ್ವಾ?” ಎಂದು ನನ್ನನ್ನೇ ಕೇಳಿದ.

ಮನೆಗೆ ತಂದ ಮೇಲೆ ಸುಲಿಯುವ ಕೆಲಸ. ಅಂಗಡಿಯಲ್ಲೇ ಕ್ಲೀನ್ ಮಾಡಿಕೊಡುತ್ತಾರೆ, ಆದರೆ ಅವರು ಬೆನ್ನಿನ ಕಪ್ಪು ದಾರ ಬಿಟ್ಟುಬಿಡುತ್ತಾರೆಂದು ನಮ್ಮವಳಿಗೆ ಅವರ ಮೇಲೆ ನಂಬಿಕೆಯಿಲ್ಲ. ಹಾಗಾಗಿ ಹಜಾರದಲ್ಲಿ ಹಳೆಯ ಪೇಪರು ಹಾಸಿ ಮೂವರೂ ಕೂರುತ್ತೇವೆ. ಮಗಳು ತಲೆ ಮುರಿಯುವುದು, ನಾನು ಸಿಪ್ಪೆ ಬಿಡಿಸುವುದು, ಹೆಂಡತಿ ಬೆನ್ನು ಸೀಳಿ ದಾರ ಎಳೆಯುವುದು. ದಾರ ಅಂದರೆ ಅದರ ಕರುಳು. ಹೊಟ್ಟೆ, ಹೃದಯ ಎರಡೂ ಇರುವುದು ತಲೆಯಲ್ಲೇ ಎಂದು ಮಗಳು ಒಮ್ಮೆ ತನ್ನ ಜೀವಶಾಸ್ತ್ರದ ಪುಸ್ತಕ ತಂದು ತೋರಿಸಿದಳು. ಹಸಿವು, ಪ್ರೀತಿ, ಬುದ್ಧಿ ಮೂರಕ್ಕೂ ಒಂದೇ ವಿಳಾಸ ಇಟ್ಟುಕೊಂಡ ಆ ಜೀವಿಯ ಮೇಲೆ ಅಂದಿನಿಂದ ನನಗೆ ಗೌರವ ಹೆಚ್ಚಿದೆ. ಗೌರವದಿಂದಲೇ ಸುಲಿಯುತ್ತೇನೆ. ಸುಲಿದಾದ ಮೇಲೆ ಒಂದು ಕೆ.ಜಿ. ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುತ್ತದೆ, ಗಡಿಯಾರ ಒಂಬತ್ತು ದಾಟಿರುತ್ತದೆ.

ಅಮ್ಮ ಈ ಹೊತ್ತಿಗೆ ಸೋಫಾದಲ್ಲಿ ಕೂತು ಧಾರಾವಾಹಿಗಿಂತ ನಮ್ಮನ್ನೇ ಹೆಚ್ಚು ನೋಡುತ್ತಿರುತ್ತಾರೆ. ಮಾಗಡಿ ಸೀಮೆಯ ಅವರಿಗೆ ಸೀಗಡಿ ಅಂದರೆ ಒಣಸೀಗಡಿ. ಸಂತೆಯಲ್ಲಿ ಗೋಣಿಚೀಲದ ಮೇಲೆ ಗುಡ್ಡೆ ಹಾಕಿ ಪಾವು ಸೇರಿನಲ್ಲಿ ಅಳೆದು ಕೊಡುತ್ತಿದ್ದರು. ಡಬ್ಬಿಯಲ್ಲಿ ತುಂಬಿಟ್ಟರೆ ತಿಂಗಳುಗಟ್ಟಲೆ ಕೆಡುತ್ತಿರಲಿಲ್ಲ. ಕಡಲನ್ನು ಕಣ್ಣಿಂದ ಕಾಣದ ಬಯಲುಸೀಮೆಗೆ ಕಡಲಿನ ರುಚಿ ಬಂದದ್ದು ಹೀಗೆ, ಐಸಿಲ್ಲದೆ, ಲಾರಿಯ ಗಡಿಬಿಡಿಯಿಲ್ಲದೆ, ಬಿಸಿಲಿನ ದಯೆಯಿಂದ. ಹೊಲದಿಂದ ಬಂದವರು ಹೊಟ್ಟೆ ಹಸಿದು ಕೂತರೆ ಅಮ್ಮ ಒಂದು ಹಿಡಿ ತೆಗೆದು, ತಲೆ ಬಾಲ ಚಿವುಟಿ, ಬರಿ ಬಾಣಲೆಯಲ್ಲಿ ಹುರಿದು, ಮರಳು ಹೋಗುವಂತೆ ಬಿಸಿನೀರಿನಲ್ಲಿ ಜಾಲಿಸಿ, ಬದನೆಕಾಯಿಯ ಜತೆ ಸಾರಿಗೆ ಹಾಕುತ್ತಿದ್ದರು. ಅತ್ತ ಮುದ್ದೆ ಕೂಡಿಸುವಷ್ಟರಲ್ಲಿ ಇತ್ತ ಸಾರು ಕುದಿಯುತ್ತಿತ್ತು. ನನ್ನನ್ನು ಕೇಳಿದರೆ ದಿಢೀರ್ ಅಡುಗೆ ಎಂದರೆ ಅದು. ಕುಂದಾಪುರಕ್ಕೆ ಕೇಳಿಸದ ಹಾಗೆ ಇದನ್ನು ಹೇಳುತ್ತಿದ್ದೇನೆ.

“ಅತ್ತೆ, ನಿಮ್ಮ ಒಣಸೀಗಡಿಗೆ ದಾರ ತೆಗೀತಿರಲಿಲ್ವಾ?” ಎಂದು ನಮ್ಮವಳು ಒಮ್ಮೆ ಬೇಕೆಂದೇ ಕೇಳಿದಳು.

“ಅದಕ್ಕೆ ದಾರ ತೆಗೀತಾ ಕೂತಿದ್ರೆ ಇವರಪ್ಪ ಉಪವಾಸ ಮಲಗಬೇಕಿತ್ತು ಕಣಮ್ಮ” ಅಂದರು ಅಮ್ಮ. ಮತ್ತೆ ಟೀವಿಯ ಕಡೆ ತಿರುಗಿದರು.

ಇನ್ನು ಒಲೆ. ಉಪ್ಪು, ಅರಿಸಿನ, ನಾಲ್ಕು ಹನಿ ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಪುಡಿ. ಹಾವೇರಿ ಜಿಲ್ಲೆಯ ಈ ಮೆಣಸಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಬಣ್ಣ ಧಾರಾಳ, ಖಾರ ಹದ. ಗುಂಟೂರು ಮೆಣಸಿನಪುಡಿಯಲ್ಲಿ ಮಾಡಿದರೆ ಆಂಧ್ರದ ಸೀಗಡಿ ತವರಿಗೆ ಹೋದಂತಾಗುತ್ತದಲ್ಲ ಎಂದು ನಾನೊಮ್ಮೆ ಸೂಚಿಸಿದ್ದೆ, ಸೂಚನೆ ಅಂಗೀಕಾರವಾಗಲಿಲ್ಲ. ನೆನೆಯಲು ಹತ್ತು ನಿಮಿಷ ಬಿಟ್ಟರೆ ಸಾಕು. ನಿಂಬೆರಸದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಒಲೆಗೆ ಮೊದಲೇ ಮಾಂಸ ಬಿಗಿದುಕೊಳ್ಳುತ್ತದೆ. ಆ ಹತ್ತು ನಿಮಿಷ ಎಣ್ಣೆಯ ಚರ್ಚೆಗೆ ಮೀಸಲು. ತೆಂಗಿನೆಣ್ಣೆ ತಲೆಗೆ ಹಚ್ಚುವಂಥದ್ದು ಎನ್ನುವುದು ಅಮ್ಮನ ಪಕ್ಷ. ಕಡಲೆಕಾಯಿ ಎಣ್ಣೆ ಬೋಂಡಾಕ್ಕೆ ಎನ್ನುವುದು ಹೆಂಡತಿಯದು. ಮನೆಯಲ್ಲಿ ಶಾಂತಿ ಇರಲೆಂದು ನಾನು ತುಪ್ಪದ ಡಬ್ಬಿ ಕೈಗೆತ್ತಿಕೊಂಡರೆ ಇಬ್ಬರೂ ಒಂದಾಗಿ ನನ್ನ ಮೇಲೆ ಬೀಳುತ್ತಾರೆ, ತುಪ್ಪದ ಬೆಲೆ ಗೊತ್ತೇನು ಎಂದು. ಶಾಂತಿ ನೆಲೆಸುವುದು ಹಾಗೆ.

ಕಬ್ಬಿಣದ ಕಾವಲಿ ಹೊಗೆಯಾಡುವಾಗ ಒಂದೊಂದಾಗಿ ಹರವಬೇಕು, ರಾಶಿ ಹಾಕಿದರೆ ನೀರು ಬಿಟ್ಟುಕೊಂಡು ಬೆಂದುಹೋಗುತ್ತದೆ, ಹುರಿಯುವುದಿಲ್ಲ. ಬೂದಿಯ ಬಣ್ಣಕ್ಕಿದ್ದದ್ದು ಕ್ಷಣದಲ್ಲಿ ಕೆಂಪೇರುತ್ತದೆ. ಕೆಂಪು ಮೆಣಸಿನಿಂದ ಬಂದದ್ದು ಮಾತ್ರವಲ್ಲ, ಒಳಗೇ ಇದ್ದದ್ದು. ಅಸ್ಟಾಕ್ಸಾಂಥಿನ್ ಎಂಬ ಕೆಂಬಣ್ಣವನ್ನು ಒಂದು ಪ್ರೋಟೀನು ಜೀವಮಾನವಿಡೀ ಅದುಮಿಟ್ಟಿರುತ್ತದೆ; ಕಾವು ತಾಗಿದೊಡನೆ ಹಿಡಿತ ತಪ್ಪಿ ಬಣ್ಣ ಹೊರಬೀಳುತ್ತದೆ. ಬೆಂದದ್ದು ತಿಳಿಯಲು ಗಡಿಯಾರ ಬೇಡ, ಕನ್ನಡ ಬಂದರೆ ಸಾಕು: ಸೀಗಡಿ ವಟ್ರಸುಳಿಯಷ್ಟು ಬಾಗಿದರೆ ಇಳಿಸಬೇಕು, ಸೊನ್ನೆಯಾಗುವವರೆಗೆ ಬಿಟ್ಟರೆ ರಬ್ಬರು. ಮೇಲೆ ಕರಿಬೇವು ಉದುರಿಸಿ ಒಲೆ ಆರಿಸುವುದು. ನಮ್ಮವಳು ಕುಚ್ಚಲಕ್ಕಿ ಅನ್ನಕ್ಕೆ ಬಡಿಸಿಕೊಳ್ಳುತ್ತಾಳೆ, ನಾನೂ ಅಮ್ಮನೂ ಮುದ್ದೆಗೆ, ಮಗಳು ಹಾಗೇ ಕೈಯಲ್ಲಿ. ಅರ್ಧ ದಿನದ ಸಂಸಾರ ನಾಲ್ಕು ನಿಮಿಷದಲ್ಲಿ ಬೆಂದು ಎಂಟು ನಿಮಿಷದಲ್ಲಿ ಖಾಲಿ. “ನೋಡಿದ್ರಾ, ಎಷ್ಟು ಬೇಗ ಆಯ್ತು!” ಎನ್ನುತ್ತಾಳೆ.

ಆಗಿಲ್ಲ. ತಲೆ, ಸಿಪ್ಪೆಯ ಗತಿ ಏನು? ಕಸದ ಆಟೊ ಬರುವುದು ಬೆಳಿಗ್ಗೆ. ಅಲ್ಲಿಯವರೆಗೆ ಹೊರಗಿಟ್ಟರೆ ಬೀದಿಯ ಬೆಕ್ಕುಗಳೆಲ್ಲ ಮಹಾಸಭೆ ಕರೆಯುತ್ತವೆ. ಫ್ರೀಜರಿನಲ್ಲಿ ಕಟ್ಟಿಡುವುದು ಕುಂದಾಪುರದ ಉಪಾಯ. ಅದಕ್ಕೆ ಅಮ್ಮನ ತಡೆಯಾಜ್ಞೆ: ಹನ್ನೆರಡು ಹೊಡೆದರೆ ಗುರುವಾರ, ರಾಯರ ವಾರದಲ್ಲಿ ಮನೆಯೊಳಗೆ ಸೀಗಡಿಯ ತಲೆ ಇರಕೂಡದು. ಕೆರೆಯ ಕಡೆ ಎಸೆದು ಬರೋಣವೆಂದರೆ, ಹೇರೋಹಳ್ಳಿಯ ಕೆರೆಗೆ ಈ ನಗರ ಈಗಾಗಲೇ ಕೊಡಬೇಕಾದ್ದಕ್ಕಿಂತ ಹೆಚ್ಚು ಕೊಟ್ಟಿದೆ. ಹಾಗಾಗಿ ರಾತ್ರಿ ಹನ್ನೊಂದೂವರೆಗೆ ನಾನು ಮೊಬೈಲಿನ ಟಾರ್ಚು ಹಿಡಿದು, ಕವರು ಹಿಡಿದು ತಾರಸಿಗೆ ಹತ್ತುತ್ತೇನೆ. ಅಲ್ಲಿ ಒಂದು ಪೇಂಟಿನ ಡ್ರಮ್ಮಿನಲ್ಲಿ ನಮ್ಮ ಕರಿಬೇವಿನ ಗಿಡವಿದೆ. ಬುಡದ ಮಣ್ಣು ತೋಡಿ, ಆಳಕ್ಕೆ ಹೂತು, ಮೇಲೊಂದು ಕಲ್ಲು ಹೇರಿ ಇಳಿದುಬರುವುದು.

ತಾರಸಿಯ ಪಕ್ಕದ ಮನೆಯಲ್ಲೇ ಓನರ್ ಆಂಟಿ ಇರುವುದು. ಈರುಳ್ಳಿ ಬೆಳ್ಳುಳ್ಳಿಯನ್ನೂ ಮನೆಗೆ ಸೇರಿಸದವರು. ನಾವು ಮೀನು ತಿನ್ನುತ್ತೇವೆಂದು ಅವರಿಗೆ ಗೊತ್ತಿದೆ, ಗೊತ್ತಿಲ್ಲದವರಂತೆ ಇರುವ ದೊಡ್ಡತನವೂ ಇದೆ. ಬಾಡಿಗೆ ಮಾತ್ರ ಐದನೇ ತಾರೀಕು ತಪ್ಪಬಾರದು. ಹೋದ ಗುರುವಾರ ಬೆಳಿಗ್ಗೆ ಮಡಿಯಲ್ಲೇ ಬಂದು ಬಾಗಿಲು ತಟ್ಟಿದರು. ರಾತ್ರಿಯ ಟಾರ್ಚು ಕಂಡಿರಬೇಕೆಂದು ನಾನು ಉತ್ತರ ಹೊಂದಿಸಿಕೊಳ್ಳುತ್ತಿದ್ದರೆ ಅವರು ಕೈಯಲ್ಲಿದ್ದ ಪುಟ್ಟ ಬಟ್ಟಲು ಮುಂದೆ ಚಾಚಿದರು.

“ಗಿಡದಿಂದ ಎರಡು ಎಸಳು ಕಿತ್ಕೊಳ್ಳಾ? ಗುರುವಾರದ ಸಾರಿಗೆ ನಿಮ್ಮ ಕರಿಬೇವೇ ಆಗಬೇಕು ನಮ್ಮನೆಯವರಿಗೆ. ಏನು ಘಮ ಅಂತೀರಿ! ಯಾವ ಗೊಬ್ಬರ ಹಾಕ್ತೀರಾ?”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅಮ್ಮ ಕೂಗಿದರು: “ಎಲ್ಲ ರಾಯರ ಕೃಪೆ ಕಣಮ್ಮ, ಬುಧವಾರ ಬುಧವಾರ ತಪ್ಪದೆ ಹಾಕ್ತಾನೆ.”