ಚಾಲೂ ಆಯ್ತಾ?

ಉಳಿದ ವಾಹನಗಳನ್ನೆಲ್ಲ ಹತ್ತಿ ಹೋಗಲಿಕ್ಕೆಂದು ಮಾಡಿದ್ದಾರೆ. ಮೊಪೆಡ್ಡನ್ನು ಮಾತ್ರ ಚಾಲೂ ಮಾಡಲಿಕ್ಕೆಂದೇ ಮಾಡಿದ್ದಾರೆ ಎಂಬ ಗುಮಾನಿ ಭಟ್ಕಳದಿಂದ ಕುಮಟೆಯವರೆಗಿನ ಒಂದು ತಲೆಮಾರಿಗೆ ಇನ್ನೂ ಹೋಗಿಲ್ಲ. ಓಡುವುದೇನಿದ್ದರೂ ಅದರ ಉಪಕಸುಬು.

1972ರಲ್ಲಿ ಪುಣೆಯ ಕೈನೆಟಿಕ್‌ನವರು ಲೂನಾ ತಂದರು. 1980ರಲ್ಲಿ ಟಿವಿಎಸ್ 50 ಬಂತು. ಅಲ್ಲಿಂದ ಮುಂದೆ ನಮ್ಮ ಕಡೆಯ ಶಾಲೆ ಮಾಸ್ತರು, ಪಿಗ್ಮಿ ದುಡ್ಡು ಎತ್ತುವವರು, ಸತ್ಯನಾರಾಯಣ ಕಥೆಗೆ ಹೊರಟ ಭಟ್ಟರು ಎಲ್ಲರೂ ಸೈಕಲ್ಲಿಗೆ ವಿದಾಯ ಹೇಳಿದರು. ಪೂರ್ತಿ ಹೇಳಲಿಲ್ಲ, ಪೆಡಲು ಜೊತೆಗೇ ಬಂದಿತ್ತಲ್ಲ! ಪೆಟ್ರೋಲು ಖಾಲಿಯಾದರೆ ತುಳಿದುಕೊಂಡು ಮನೆ ಸೇರಬಹುದು ಎಂದು ಅಂಗಡಿಯವರು ಹೇಳುತ್ತಿದ್ದರು. ಹಾಗೆ ತುಳಿದುಕೊಂಡು ಬಂದವರು ಮರುದಿನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಅದೇ ಮಾತನ್ನು ಇನ್ನೊಬ್ಬರಿಗೆ ಹೇಳುತ್ತಿದ್ದರು.

ಶಾಸ್ತ್ರೋಕ್ತ ವಿಧಾನ ಒಂದೇ. ಗಾಡಿಯನ್ನು ನಡುಸ್ಟ್ಯಾಂಡಿಗೆ ಏರಿಸುವುದು, ಪೆಟ್ರೋಲ್ ಕಾಕು ತೆಗೆಯುವುದು, ಚೋಕು ಎಳೆಯುವುದು, ಸೀಟಿನ ಮೇಲೆ ಕೂತು ಪೆಡಲು ತುಳಿಯುವುದು. ಹಿಂದಿನ ಚಕ್ರ ಗಾಳಿಯಲ್ಲಿ ತಿರುಗುತ್ತದೆ, ಸವಾರ ಬೆವರುತ್ತಾನೆ, ಊರು ಮುಂದಕ್ಕೆ ಹೋಗುವುದಿಲ್ಲ. ಪಂಚೆ ಉಟ್ಟವರಾದರೆ ಒಂದು ಕೈ ಎಕ್ಸಲೇಟರಿಗೆ, ಒಂದು ಕೈ ಮಾನಕ್ಕೆ. ಕೊನೆಗೊಮ್ಮೆ ನೀಲಿ ಹೊಗೆ ಬಿಟ್ಟು ಎಂಜಿನ್ ಹಿಡಿಯಿತು ಅನ್ನಿ. ಎಲ್ಲಿ ನಿಂತುಹೋಗುತ್ತದೋ ಎಂದು ಎಕ್ಸಲೇಟರನ್ನು ಪೂರ್ತಿ ತಿರುಚಿಕೊಂಡೇ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿದರೆ, ಅದು ಯಜಮಾನರಿಗೆ ಕಾಯದೆ ಎದುರಿನ ತೆಂಗಿನಮರದ ಕಡೆ ಹೊರಟುಬಿಡುತ್ತಿತ್ತು.

ಶಾಸ್ತ್ರ ಕೈಕೊಟ್ಟಲ್ಲಿ ರೂಢಿ ಶುರುವಾಗುತ್ತದೆ. ನಮ್ಮ ರೂಢಿಗಳಿಗೆ ಭೂಗೋಳವೇ ಆಧಾರ. ಸಮುದ್ರಕ್ಕೂ ಘಟ್ಟಕ್ಕೂ ನಡುವೆ ಸಿಕ್ಕಿಕೊಂಡ ಊರುಗಳಲ್ಲಿ ಇಳಿಜಾರಿಗೆ ಬರವಿಲ್ಲ. ಹೊನ್ನಾವರದ ಹತ್ತಿರ ಅಪ್ಸರಕೊಂಡದ ಗುಡ್ಡಕ್ಕೆ ಹೋದವರು ಜಲಪಾತ ನೋಡುವ ಮೊದಲು ಗಾಡಿಯ ಮೂತಿ ಕೆಳಮುಖವಾಗಿ ನಿಲ್ಲುವ ಜಾಗ ನೋಡುತ್ತಿದ್ದರು. ಮದುವೆಮನೆಯಲ್ಲೂ ಅಷ್ಟೆ. ನೆರಳಿದ್ದ ಕಡೆ ಕಾರು ನಿಲ್ಲುತ್ತಿತ್ತು, ಇಳಿಜಾರಿದ್ದ ಕಡೆ ಮೊಪೆಡ್ಡು.

ಭಟ್ಕಳದ ಪೇಟೆಯಲ್ಲಿ ಇಳಿಜಾರು ಹುಡುಕಬೇಕಾಗಿಲ್ಲ, ಜನ ಸಾಕು. ಹ್ಯಾಂಡಲು ಹಿಡಿದು ಸುಮ್ಮನೆ ನಿಂತರಾಯಿತು, ಯಾರೂ ಕರೆಯದೆಯೇ ಹುಡುಗರು ಬಂದು ಹಿಂದಿನಿಂದ ದೂಡುತ್ತಾರೆ. ಈಗಿನ ಗೇರಿಲ್ಲದ ಸ್ಕೂಟರಿಗೆ ಈ ಸೇವೆ ದಕ್ಕುವುದಿಲ್ಲ. ಎಂಜಿನ್ ಜೋರಾಗಿ ತಿರುಗಿದ ಮೇಲೆಯೇ ಅದರ ಕ್ಲಚ್ಚು ಚಕ್ರವನ್ನು ಹಿಡಿಯುವುದು. ಹಾಗಾಗಿ ಶಿರಾಲಿಯವರೆಗೆ ದೂಡಿಕೊಂಡು ಹೋದರೂ ಚಕ್ರದ ಸುದ್ದಿ ಎಂಜಿನ್ನಿಗೆ ಮುಟ್ಟುವುದಿಲ್ಲ. ಪೆಡಲಿನ ಮೊಪೆಡ್ಡಿನಲ್ಲಿ ಚಕ್ರದಿಂದ ಎಂಜಿನ್ನಿಗೆ ವಾಪಸು ಹೋಗುವ ದಾರಿಯೊಂದನ್ನು ಇಟ್ಟಿದ್ದರು. ಮಾಡಿದವರಿಗೆ ತಮ್ಮ ಕೂಸಿನ ಗುಣ ಚೆನ್ನಾಗಿ ಗೊತ್ತಿತ್ತು.

ಇವೆಲ್ಲ ಬೇಸಿಗೆಯ ಮಾತು. ಜೂನ್ ತಿಂಗಳು ಬಂತೆಂದರೆ ದೂಡುವವರೂ ಮನೆ ಬಿಟ್ಟು ಹೊರಬೀಳುವುದಿಲ್ಲ. ಆಗ ಪ್ಲಗ್ಗಿನ ಚಿಕಿತ್ಸೆ. ಎರಡು ಸ್ಟ್ರೋಕಿನ ಎಂಜಿನ್ ಪೆಟ್ರೋಲಿನ ಜೊತೆ ಆಯಿಲ್ಲನ್ನೂ ಸುಡುವುದರಿಂದ ಪ್ಲಗ್ಗಿನ ಮೂತಿಗೆ ಮಸಿ ಕಟ್ಟುತ್ತದೆ. ಅದರ ಮೇಲೆ ಕರಾವಳಿಯ ಥಂಡಿ. ನಮ್ಮನೆಯಲ್ಲಿ ಪ್ಲಗ್ಗು ಬಿಚ್ಚಿ, ಪಾಲಿಷ್ ಕಾಗದದಿಂದ ತಿಕ್ಕಿ, ಇಕ್ಕಳದಲ್ಲಿ ಹಿಡಿದು ಬಚ್ಚಲೊಲೆಯ ಕೆಂಡಕ್ಕೆ ತೋರಿಸುತ್ತಿದ್ದರು. ಒದ್ದೆ ಪೆಟ್ರೋಲು 'ಚುಂಯ್' ಎಂದು ಹಾರಿಹೋಗಿ, ಬಿಳಿ ಪಿಂಗಾಣಿ ಬಿಸಿಯಾದೊಡನೆ ಬರಿಗಾಲಲ್ಲಿ ಅಂಗಳಕ್ಕೆ ಓಟ. ಆರುವುದರೊಳಗೆ ಪ್ಲಗ್ಗು ತಿರುಪಿ ತುಳಿಯಬೇಕು. ಸ್ನಾನಕ್ಕೆ ಕಾದು ಕೂತವರು ಬೈಯುತ್ತಿದ್ದರು. ಬಚ್ಚಲೊಲೆಯಲ್ಲಿ ಮೊದಲ ಪಾಳಿ ಯಾವತ್ತೂ ಪ್ಲಗ್ಗಿನದೇ.

ಕಿಡಿ ಬರುತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸಲು ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ ಎಂಜಿನ್ನಿನ ಮೈಗೆ ತಾಗಿಸಿ ಹಿಡಿಯಬೇಕು. ಹಿಡಿಯುವ ಕೆಲಸಕ್ಕೆ ಮನೆಗೆ ಬಂದ ಅಳಿಯನನ್ನೋ ಪಕ್ಕದ ಮನೆಯ ಮಾಣಿಯನ್ನೋ ನೇಮಿಸುವುದು ವಾಡಿಕೆ. "ಹಾಂ, ತುಳಿರಿ" ಎಂದವನು ಮರುಕ್ಷಣ "ಅಯ್ಯೋ!" ಎಂದರೆ ಕಿಡಿ ಸರಿ ಇದೆ ಎಂದರ್ಥ.

ಗ್ಯಾರೇಜಿನವರ ಪ್ರಕಾರ ಎಂಜಿನ್ನಿಗೆ ಬೇಕಾದ್ದು ಮೂರೇ: ಪೆಟ್ರೋಲು, ಕಿಡಿ, ಒತ್ತಡ. ನಮ್ಮ ಮೂರು ತಾಲೂಕಿನಲ್ಲಿ ನಾಲ್ಕನೆಯದೂ ಸೇರುತ್ತದೆ, ಸಲಹೆ. ಕುಮಟೆಯ ಗಿಬ್ ಸರ್ಕಲ್ಲಿನಲ್ಲಿ ಗಾಡಿ ನಿಂತರೆ ಮೊದಲಿಗರು "ಪೆಟ್ರೋಲ್ ಅದ್ಯಾ ಮಾಸ್ತರ್ರೆ?" ಎನ್ನುತ್ತಾರೆ. ಎರಡನೆಯವರು ಗಾಡಿಯನ್ನು ಮಗ್ಗುಲಿಗೆ ವಾಲಿಸಿ ಅಲ್ಲಾಡಿಸಲು ಹೇಳುತ್ತಾರೆ. ಮೂರನೆಯವರು ಟ್ಯಾಂಕಿನ ಮುಚ್ಚಳ ತೆಗೆದು 'ಫೂ' ಎಂದು ಊದುತ್ತಾರೆ. ಇಷ್ಟಾದ ಮೇಲೆ ಅದು ಹೊತ್ತಿಕೊಂಡರೆ ಯಶಸ್ಸು ಯಾರದೆಂದು ಚಾದಂಗಡಿಯಲ್ಲಿ ಇತ್ಯರ್ಥವಾಗಬೇಕು, ಚಾದ ದುಡ್ಡು ಮಾಸ್ತರರದು.

ಈ ಗದ್ದಲಕ್ಕೆ ಕೈಹಾಕದವರೆಂದರೆ ಮೀನಿನವರು. ಕಾಸರಕೋಡ ಟೊಂಕದಲ್ಲಿ ಬಂಗಡೆ, ತಾರ್ಲೆ ತುಂಬಿಸಿಕೊಂಡು, ಹಿಂದೆ ಐಸಿನ ನೀರು ಸೋರಿಸುತ್ತ, ಹಾರ್ನು ಒತ್ತುತ್ತ ಕೇರಿ ಕೇರಿ ಸುತ್ತುವ ಅವರ ಮೊಪೆಡ್ಡು ಕೆಟ್ಟು ನಿಂತದ್ದನ್ನು ನಾನು ಕಂಡಿಲ್ಲ. ಮೀನು ತೂಗುವಾಗಲೂ ಗಾಡಿ ಪಟಪಟ ಎನ್ನುತ್ತಲೇ ಇರುತ್ತದೆ. ಚಾಲೂ ಮಾಡುವ ಗುಟ್ಟೇನು ಎಂದು ನಮ್ಮ ಕೇರಿಗೆ ಬರುವವನನ್ನು ಕೇಳಿದೆ.

"ಬಂದ್ ಮಾಡಿದ್ರಲ್ದಾ ಒಡೆಯಾ ಚಾಲೂ ಮಾಡೂದು?" ಎಂದ.

ಕಂಪನಿಗಳು ಬೇರೆ ದಾರಿ ಹಿಡಿದವು. 2015ರಲ್ಲಿ ಟಿವಿಎಸ್‌ನವರ ನಾಲ್ಕು ಸ್ಟ್ರೋಕಿನ ಎಕ್ಸೆಲ್ 100 ಬಂತು, ಕೆಲವು ವರ್ಷಗಳಲ್ಲಿ ಅದಕ್ಕೆ ಚಾಲೂ ಮಾಡುವ ಗುಂಡಿಯೂ ಬಂತು. 2024ರಲ್ಲಿ ಲೂನಾ ಬ್ಯಾಟರಿ ಗಾಡಿಯಾಗಿ ಮರುಹುಟ್ಟು ಪಡೆಯಿತು. ಪ್ಲಗ್ಗಿಲ್ಲ, ಚೋಕಿಲ್ಲ, ಹೊಗೆಯಿಲ್ಲ. ಸ್ನೇಹಿತರೊಬ್ಬರು ಅದನ್ನು ತಂದು ನಮ್ಮ ಅಂಗಳದಲ್ಲಿ ಪ್ರದರ್ಶನಕ್ಕಿಟ್ಟಾಗ ಮೀನಿನವನೂ ಬಂದ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ ನೋಡಿ ಕೇಳಿದ:

"ಪೆಡಲ್ ಎಲ್ಲದೆ?"

"ಇಲ್ಲ. ಬೇಕಾಗೂದಿಲ್ಲ. ಚಾರ್ಜ್ ಹಾಕಿದ್ರಾಯ್ತು."

"ಮಳೆಗಾಲ್ದಲ್ಲಿ ಮೂರು ದಿನ ಕರೆಂಟ್ ಇಲ್ಲದಿದ್ರೆ?"

ಸ್ನೇಹಿತರು ಆಕಾಶ ನೋಡಿದರು. ಮೀನಿನವ ತನ್ನ ಪಟಪಟವನ್ನು ಏರಿಸುತ್ತ, "ಹಂಗಾದ್ರೆ ಮನೆಯನ್ನೇ ಗುಡ್ಡದ ಮೇಲೆ ಕಟ್ಟಿ ಒಡೆಯಾ. ಹೋಗೂಕಾದ್ರೂ ಅಡ್ಡಿಯಿಲ್ಲ, ಬರೂದು ಆಮೇಲೆ ನೋಡ್ವ" ಎಂದು ಹಾರ್ನು ಒತ್ತಿದ.