ಬಾಸ್‌ನ ಬೀಟಾ ಡೆಲ್ಟಾ ರೋ

ಛತ್ರಪತಿ ಸಂಭಾಜಿನಗರದ ಯಾವ ಹಾಸ್ಟೆಲ್ಲಿಗೆ ಹೋದರೂ ಬೀದರ್ ಕಡೆಯ ಇಂಥವನೊಬ್ಬ ಸಿಕ್ಕೇ ಸಿಗುತ್ತಾನೆ. ಮನೆಯವರಿಟ್ಟ ಹೆಸರು ಏನೇ ಇರಲಿ, ಕರೆಯುವುದು ಮಾತ್ರ ‘ಬಾಸ್’. ಆ ಹೆಸರಿನಿಂದ ತನ್ನನ್ನು ಮೊದಲು ಕರೆದುಕೊಂಡವನೂ ಅವನೇ.

ಬಾಸ್ ಕಾಲೇಜು ಸೇರುವ ಹೊತ್ತಿಗೆ ಅವನ ಕಾಲೇಜು ಜೀವನ ಮೊಬೈಲಿನಲ್ಲಿ ಮುಗಿದಿತ್ತು. ಎಂಟಿವಿಯ ‘ಕೈಸಿ ಯೇ ಯಾರಿಯಾಂ’ ನೋಡಿ ಗಿಟಾರ್ ಕೊಂಡಿದ್ದ, ಬಾರಿಸಲು ಬರುತ್ತಿರಲಿಲ್ಲ. ಅವನನ್ನು ಪೂರ್ತಿ ಕೆಡಿಸಿದ್ದು ಅಮೆರಿಕದಲ್ಲಿ 2007ರಿಂದ 2011ರವರೆಗೆ ಬಂದ ‘ಗ್ರೀಕ್’ ಧಾರಾವಾಹಿ. ಸೈಪ್ರಸ್-ರೋಡ್ಸ್ ಎಂಬ ಇಲ್ಲದ ವಿಶ್ವವಿದ್ಯಾಲಯ. ಹುಡುಗರ ಕಪ್ಪಾ ಟೌ ಮನೆ, ಹುಡುಗಿಯರ ಝೀಟಾ ಬೀಟಾ ಝೀಟಾ ಮನೆ, ದಿನಾ ಪಾರ್ಟಿ. ಬಾತ್‌ರೂಮಿನ ಮುಂದೆ ಬಕೆಟ್ ಹಿಡಿದು ಪಾಳಿ ನಿಂತವರು ಒಬ್ಬರೂ ಇಲ್ಲ. ಗ್ರೀಕ್ ಅಕ್ಷರಗಳ ಹೆಸರಿನ ಇಂಥ ವಿದ್ಯಾರ್ಥಿ ಸಂಘಗಳಿಗೆಲ್ಲ ಹಿರಿಯಣ್ಣನಾದ ಫೈ ಬೀಟಾ ಕಪ್ಪಾ 1776ರಲ್ಲಿ ಹುಟ್ಟಿದ್ದು ಸಾಹಿತ್ಯ, ಚರ್ಚೆ ನಡೆಸಲು. ಅದನ್ನು ತೋರಿಸಿದರೆ ಚಾನೆಲ್ ನಡೆಯಬೇಕಲ್ಲ!

ಎರಡನೇ ವರ್ಷಕ್ಕೆ ಬಾಸ್ ತನ್ನದೇ ಸಂಘ ಕಟ್ಟಿದ. ಹೆಸರು ಬೀಟಾ ಡೆಲ್ಟಾ ರೋ, ಅಂದರೆ ಬೀದರ್. ತಲೆಗಿಷ್ಟು ಚಂದಾ ಎತ್ತಿ ಗುಲ್‌ಮಂಡಿ ಪೇಟೆಯಲ್ಲಿ ಆ ಮೂರು ಅಕ್ಷರಗಳ ಟೀ ಶರ್ಟ್ ಮಾಡಿಸಿದ. ಗ್ರೀಕಿನ ‘ರೋ’ ನೋಡಲು ಇಂಗ್ಲಿಷಿನ ‘ಪಿ’ಯಂತೆ ಇರುತ್ತದೆ. ವಾರ್ಡನ್ ಕನ್ನಡಕ ಸರಿಮಾಡಿಕೊಂಡು ಓದಿ, ‘ಇದು ಯಾವ ಪಕ್ಷ? ಹಾಸ್ಟೆಲ್ಲಿನಲ್ಲಿ ರಾಜಕೀಯ ಬೇಡ’ ಎಂದರು.

ಸಂಘ ಅಂದಮೇಲೆ ದೀಕ್ಷೆ ಬೇಡವೇ? ಜೂನಿಯರ್‌ಗಳನ್ನು ಸಾಲಾಗಿ ನಿಲ್ಲಿಸಿ, ಗಡಸು ದನಿಯಲ್ಲಿ ಆಜ್ಞೆ ಹೊರಡಿಸಿದ: ‘ಇವತ್ತು ರಾತ್ರಿ ಖುಲ್ತಾಬಾದ್‌ತನಕ ನಡೀಬೇಕು. ಯಾರೂ ಯಾಕಂತ ಕೇಳಬಾರದು!’ ಸುಮಾರು 25 ಕಿಲೋಮೀಟರ್. ಹುಡುಗರು ಹೆದರುವ ಬದಲು ಚಪ್ಪಲಿ ಹುಡುಕತೊಡಗಿದರು. ಅಂದು ಶ್ರಾವಣದ ಶುಕ್ರವಾರ. ಶನಿವಾರದ ದರ್ಶನಕ್ಕೆ ಊರಿಗೆ ಊರೇ ರಾತ್ರಿಯಿಡೀ ಖುಲ್ತಾಬಾದ್‌ನ ಭದ್ರಾ ಮಾರುತಿಗೆ ನಡೆದು ಹೋಗುತ್ತದೆಂಬುದು ಬಾಸ್‌ಗೆ ಗೊತ್ತಿರಲಿಲ್ಲ. ಯಾವ ಎಪಿಸೋಡಿನಲ್ಲೂ ಬಂದಿರಲಿಲ್ಲ.

ದೌಲತಾಬಾದ್ ಕೋಟೆಯ ಬುಡಕ್ಕೆ ಬರುವಷ್ಟರಲ್ಲಿ ಹೊಸ ಶೂ ಕಚ್ಚಿ ಬಾಸ್‌ನ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಮುಂದೆ ಘಾಟಿ ಬೇರೆ. ಶೂ ಬಿಚ್ಚಿ ಕಲ್ಲಿನ ಮೇಲೆ ಕೂತ. ಬರಿಗಾಲಲ್ಲಿ ಬರುತ್ತಿದ್ದ ಅಜ್ಜಿಯೊಬ್ಬಳು ನಿಂತು, ‘ದಮಲಾಸ್ ಕಾ ಬಾಳಾ?’ (ದಣಿದೆಯಾ ಮಗು?) ಎಂದು ಮರಾಠಿಯಲ್ಲಿ ಕೇಳಿ, ಕೈಗೆ ಬಾಳೆಹಣ್ಣು ಕೊಟ್ಟು, ದಾಟಿ ಹೋದಳು. ದೀಕ್ಷೆ ಕೊಡಬೇಕಾದ ಗುರು ಜೀಪಿನಲ್ಲಿ ಬಂದಿಳಿದಾಗ ಶಿಷ್ಯರು ದರ್ಶನ ಮುಗಿಸಿ ಚಹಾ ಕುಡಿಯುತ್ತಿದ್ದರು. ಭದ್ರಾ ಮಾರುತಿ ಮಲಗಿದ ಭಂಗಿಯಲ್ಲಿದ್ದಾನೆ. ಹಾಸ್ಟೆಲ್ ಹುಡುಗರಿಗೆ ಇಷ್ಟು ಒಪ್ಪುವ ದೇವರು ಬೇರೊಬ್ಬನಿಲ್ಲ ಎಂದು ನನಗನಿಸಿದೆ.

ಸೋಮವಾರ ದೂರು ಹೋಗಿಯೇ ಹೋಯಿತು. ಯುಜಿಸಿಯ 2009ರ ನಿಯಮದಂತೆ ಬಾಸ್‌ನ ಅಪ್ಪನೂ ‘ನನ್ನ ಮಗ ರ‍್ಯಾಗಿಂಗ್ ಮಾಡುವುದಿಲ್ಲ’ ಎಂದು ಬರೆದುಕೊಟ್ಟಿದ್ದರು. ಅಪ್ಪನ ಮಾನ ಉಳಿಸಿದವರು ಜೂನಿಯರ್‌ಗಳು: ‘ರ‍್ಯಾಗಿಂಗ್ ಎಲ್ಲಿ ಸರ್? ನಾವು ಹೇಗೂ ಹೋಗುವವರಿದ್ದೆವು. ಅವರೇ ನಮ್ಮ ಹಿಂದೆ ಬಂದರು.’ ಶಿಕ್ಷೆಯಾಗಿದ್ದರೂ ಬಾಸ್ ತಡೆದುಕೊಳ್ಳುತ್ತಿದ್ದ. ಈ ಹೇಳಿಕೆಯನ್ನು ಇನ್ನೂ ಕ್ಷಮಿಸಿಲ್ಲ.

ನಿಮ್ಮ ಮನೆಯ ಹುಡುಗ ಈ ವರ್ಷ ಹಾಸ್ಟೆಲ್ ಸೇರುವವನಿದ್ದರೆ ಸೀರಿಯಲ್ ನೋಡಬೇಡ ಎನ್ನಬೇಡಿ, ಕೇಳುವುದಿಲ್ಲ. ಹೆಸರು ಬರೆದ ಒಂದು ಬಕೆಟ್ ಮಾತ್ರ ಕೊಟ್ಟು ಕಳಿಸಿ.